ಮಾದರಿ ಹಡಗಿನ ಹಿತ್ತಾಳೆ: ಅಲಂಕಾರವೆ, ಪ್ರಮಾಣವೆ?

ಬೆಂಗಳೂರು ಕಡಲಿಲ್ಲದ ಊರು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿ, ಪೂರ್ವದ ಕಡಲಿನಿಂದಾಗಲಿ ಪಶ್ಚಿಮದ ಕಡಲಿನಿಂದಾಗಲಿ ೨೫೦ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ಈ ನಗರವಿದೆ. ಆದರೂ ಇದರ ದಕ್ಷಿಣ ಭಾಗದ ಬಡಾವಣೆಗಳಾದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟುಗಳ ಮನೆಗಳಲ್ಲಿ, ಪಠ್ಯಪುಸ್ತಕಗಳನ್ನು ಬದಿಗೆ ಸರಿಸಿದ ಮೇಜಿನ ಮೇಲೆ, ಯುದ್ಧನೌಕೆಗಳು ಸಿದ್ಧವಾಗುತ್ತಿರುವುದುಂಟು. ಗೇಣುದ್ದದವು ಕೆಲವು, ಮೊಳದುದ್ದದವು ಕೆಲವು. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ. ಆದರೆ ಈ ಹವ್ಯಾಸದೊಳಗೆ ಬಲಗೊಂಡಿರುವ ಒಂದು ರೂಢಿಯನ್ನು ಕುರಿತು ತರುಣ ವಾಚಕರೊಡನೆ ವಿಚಾರಮಾಡುವುದು ಅಗತ್ಯವೆಂದು ನಮಗೆ ತೋರಿದೆ.

ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ತುಂಡುಗಳಿರುತ್ತವೆ. ಅವನ್ನು ಬಿಡಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಹಡಗೊಂದು ಸಿದ್ಧವಾಗುತ್ತದೆ. ಇಷ್ಟರಿಂದ ತೃಪ್ತರಾಗದವರು ಬೇರೆ ತಯಾರಕರಿಂದ ಹಿತ್ತಾಳೆಯ ಹಾಳೆಗಳನ್ನು ಪ್ರತ್ಯೇಕವಾಗಿ ಕೊಳ್ಳುತ್ತಾರೆ. ಕಾಗದದಷ್ಟು ತೆಳುವಾದ ಆ ಹಾಳೆಯಲ್ಲಿ ಹಡಗಿನ ಅಂಚಿನ ಕಂಬಿಬೇಲಿ, ಏಣಿ, ಬಾಗಿಲು, ರಾಡಾರಿನ ಜಾಲರಿ, ಕ್ರೇನಿನ ತೋಳು ಮುಂತಾದುವು ಎಳೆಎಳೆಯಾಗಿ ಕೊರೆದು ನಿಂತಿರುತ್ತವೆ. ಅವುಗಳನ್ನು ಕತ್ತರಿಸಿ, ಚಿಮಟದಿಂದ ಹಿಡಿದು, ಮಡಿಸಿ, ಸೈನೋಅಕ್ರಿಲೇಟ್ ಅಂಟಿನಿಂದ ಒಂದೊಂದಾಗಿ ಕೂರಿಸಬೇಕು. ೧೯೮೯ರಲ್ಲಿ ಸ್ಥಾಪಿತವಾದ ಎಡ್ವರ್ಡ್ ಎಂಬ ಚೆಕ್ ಸಂಸ್ಥೆಯಂತೆ ಇಂಥ ಹಾಳೆಗಳಿಂದಲೇ ಹೆಸರು ಪಡೆದ ಸಂಸ್ಥೆಗಳಿವೆ. ಹಾಳೆಯ ಬೆಲೆ ಕೆಲವೊಮ್ಮೆ ಹಡಗಿನ ಪೆಟ್ಟಿಗೆಯ ಬೆಲೆಯನ್ನೇ ಮೀರುವುದುಂಟು.

ಈ ಹಿತ್ತಾಳೆಯಿಂದ ಮಾದರಿಗೆ ದೊರೆಯುವ ಲಾಭವೇನು? ನಮ್ಮ ಭಾಷೆಯಲ್ಲಿ ‘ಪ್ರಮಾಣ’ ಎಂಬ ಮಾತಿಗೆ ಅಳತೆಯ ಅನುಪಾತವೆಂಬ ಅರ್ಥವೂ ಇದೆ, ಒಂದು ಸಂಗತಿಯನ್ನು ನಿಜವೆಂದು ಒಪ್ಪಲು ಬೇಕಾದ ಆಧಾರವೆಂಬ ಅರ್ಥವೂ ಇದೆ. ಒಳ್ಳೆಯ ಮಾದರಿಗೆ ಎರಡೂ ಅರ್ಥದ ಪ್ರಮಾಣ ಬೇಕು. ಹಿತ್ತಾಳೆಯ ಎಳೆ ಇವೆರಡನ್ನೂ ಒದಗಿಸಬಲ್ಲುದು. ಎರಡನ್ನೂ ಕೆಡಿಸಬಲ್ಲುದು ಸಹ. ಅಳೆಯದೆ, ವಿಚಾರಿಸದೆ, ಹೊಳಪಿಗೆ ಮನಸೋತು ಅಂಟಿಸಿದ ವಿವರ ಬರಿಯ ಅಲಂಕಾರವಾಗುತ್ತದೆ. ಅನೇಕ ವೇಳೆ ಸುಳ್ಳೂ ಆಗುತ್ತದೆ. ಇದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ.

ಮೊದಲು ಹಿತ್ತಾಳೆಯ ಪರವಾಗಿ ಹೇಳಬೇಕಾದುದನ್ನು ಹೇಳೋಣ. ಮಾದರಿ ಹಡಗುಗಳಲ್ಲಿ ೧:೩೫೦ ಮತ್ತು ೧:೭೦೦ ಎಂಬ ಎರಡು ಅನುಪಾತಗಳು ಬಹಳ ಬಳಕೆಯಲ್ಲಿವೆ. ೧೯೭೧ರಲ್ಲಿ ಜಪಾನಿನ ಶಿಜುವೋಕಾದ ತಯಾರಕರು ಒಟ್ಟುಗೂಡಿ ಆರಂಭಿಸಿದ ಮಾಲೆಯಿಂದ ಎರಡನೆಯ ಅನುಪಾತ ಪ್ರಚಾರಕ್ಕೆ ಬಂದಿತು. ನಿಜವಾದ ಹಡಗಿನ ಅಂಚಿನಲ್ಲಿ ೨೫ ಮಿಲಿಮೀಟರು ದಪ್ಪದ ಉಕ್ಕಿನ ಕಂಬಿಗಳಿವೆ ಎಂದು ಭಾವಿಸೋಣ. ಅಂದರೆ ಸುಮಾರು ಹೆಬ್ಬೆರಳಿನ ದಪ್ಪ. ೧:೭೦೦ ಅನುಪಾತದಲ್ಲಿ ಅದು ೦.೦೩೬ ಮಿಲಿಮೀಟರು ಆಗಬೇಕು. ಆದರೆ ಪ್ಲಾಸ್ಟಿಕ್ ತುಂಡುಗಳನ್ನು ತಯಾರಿಸುವುದು, ಕರಗಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ. ಅಚ್ಚಿನ ಸಂದು ಬಹಳ ಕಿರಿದಾದರೆ ಪ್ಲಾಸ್ಟಿಕ್ಕು ಕೊನೆಯವರೆಗೆ ಹರಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ಹರಿದರೂ ಅಚ್ಚಿನಿಂದ ಬಿಡಿಸುವಾಗ ಮುರಿಯುತ್ತದೆ. ಅರ್ಧ ಮಿಲಿಮೀಟರಿನ ಕಡ್ಡಿಯನ್ನು ಎರಕಹೊಯ್ದರೆ ನಿಜವಾದ ಹಡಗಿನ ಲೆಕ್ಕದಲ್ಲಿ ಅದು ೩೫೦ ಮಿಲಿಮೀಟರಿನ ಕಂಬವಾಯಿತು. ನಾವಿಕರು ತೆಂಗಿನ ಮರಗಳ ಸಾಲನ್ನು ಹಿಡಿದು ನಿಂತಂತೆ ಕಾಣುವುದಿಲ್ಲವೆ? ಆದುದರಿಂದಲೇ ಅನೇಕ ತಯಾರಕರು ಕಂಬಿಬೇಲಿಯನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತಾರೆ. ಹಿತ್ತಾಳೆಯಲ್ಲಾದರೋ ೦.೧ ಮಿಲಿಮೀಟರಿನ ಎಳೆಯನ್ನು ಪಡೆಯಬಹುದು. ಹಡಗಿನ ಲೆಕ್ಕದಲ್ಲಿ ಅದು ೭೦ ಮಿಲಿಮೀಟರು, ಒಂದು ಬಿದಿರುಗಳುವಿನ ದಪ್ಪ. ತೆಂಗಿನ ಮರದಿಂದ ಬಿದಿರಿಗೆ ಇಳಿದದ್ದು ದೊಡ್ಡ ಮುನ್ನಡೆಯೇ ಸರಿ. ಆದರೆ ಬಿದಿರು ಇನ್ನೂ ಹೆಬ್ಬೆರಳಾಗಿಲ್ಲವೆಂಬುದನ್ನು ಮರೆಯಬಾರದು.

ಇಷ್ಟು ತೆಳುವಾದ ಎಳೆಗಳನ್ನು ಯಾವ ಕತ್ತಿಯೂ ಕತ್ತರಿಸುವುದಿಲ್ಲ. ಅವುಗಳನ್ನು ಕೊರೆಯುವುದು ಬೆಳಕು ಮತ್ತು ರಾಸಾಯನಿಕ ದ್ರಾವಣ. ಹಿತ್ತಾಳೆಯ ಹಾಳೆಯ ಎರಡು ಮೈಗಳಿಗೂ ಬೆಳಕಿನಿಂದ ಗಟ್ಟಿಯಾಗುವ ಲೇಪವನ್ನು ಹಚ್ಚಿ, ಕಪ್ಪುಬಿಳುಪಿನ ಚಿತ್ರವಿರುವ ಫಿಲ್ಮುಗಳನ್ನು ಇಬ್ಬದಿಯಲ್ಲಿಯೂ ಒಂದಕ್ಕೊಂದು ಸರಿಯಾಗಿ ಹೊಂದಿಸಿ, ಅತಿನೇರಿಳೆ ಕಿರಣಗಳಿಗೆ ಒಡ್ಡುತ್ತಾರೆ. ಬೆಳಕು ಬಿದ್ದ ಕಡೆ ಲೇಪವು ಗಟ್ಟಿಯಾಗುತ್ತದೆ. ಬೀಳದ ಕಡೆ ಸೋಡದ ನೀರಿನಲ್ಲಿ ತೊಳೆದುಹೋಗುತ್ತದೆ. ಅನಂತರ ಹಾಳೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಟ್ಟರೆ ಬಯಲಾದ ಲೋಹ ಕರಗಿ, ಲೇಪದ ಮರೆಯಲ್ಲಿರುವ ಲೋಹ ಉಳಿಯುತ್ತದೆ. ಒಂದೇ ಮೈಯಿಂದ ಕೊರೆದರೆ ದ್ರಾವಣವು ಹಾಳೆಯ ಅರ್ಧದವರೆಗೆ ಮಾತ್ರ ಇಳಿಯುತ್ತದೆ; ಮಡಿಸಬೇಕಾದ ಕಡೆ ಗೆರೆ ಬರುವುದು ಈ ಅರೆಕೊರೆತದಿಂದ.

ವಿಧಾನ ಹೊಸದೇನೂ ಅಲ್ಲ. ಬೆಳಕಿನ ಸಹಾಯದಿಂದ ಲೋಹದ ಫಲಕವನ್ನು ಕೊರೆಯುವ ಪ್ರಯೋಗಗಳನ್ನು ಇಂಗ್ಲೆಂಡಿನ ಟ್ಯಾಲ್ಬಟ್ ೧೮೫೦ರ ದಶಕದಲ್ಲಿಯೇ ನಡೆಸಿ ಹಕ್ಕುಪತ್ರಗಳನ್ನು ಪಡೆದಿದ್ದನು. ಹಿಂದೆ ನಮ್ಮ ಪತ್ರಿಕೆಗಳಲ್ಲಿ ಭಾವಚಿತ್ರಗಳು ಅಚ್ಚಾಗುತ್ತಿದ್ದುದು ಹೀಗೆಯೇ ಕೊರೆದ ಸತುವಿನ ಬ್ಲಾಕುಗಳಿಂದ. ರೇಡಿಯೋ, ದೂರವಾಣಿ, ಗಣಕಯಂತ್ರಗಳ ಒಳಗಿರುವ ಮುದ್ರಿತ ಮಂಡಲಗಳನ್ನು ತಯಾರಿಸುವಾಗಲೂ ಬೇಡವಾದ ತಾಮ್ರವನ್ನು ಹೀಗೆಯೇ ಕರಗಿಸಿ ತೆಗೆಯುತ್ತಾರೆ. ೧೯೪೮ರಲ್ಲಿ ಐ.ಟಿ.ಐ. ಕಾರ್ಖಾನೆಯನ್ನೂ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸನ್ನೂ ಪಡೆದ ಬೆಂಗಳೂರಿಗೆ ಈ ವಿದ್ಯೆ ಪರಕೀಯವಲ್ಲ. ನೌಕಾಪಡೆಯ ನಿಜವಾದ ರಾಡಾರುಗಳನ್ನು ತಯಾರಿಸುವ ಊರಿನಲ್ಲಿ, ಮಾದರಿಯ ರಾಡಾರಿಗೆ ಬೇಕಾದ ಬೆರಳುಗುರಿನಷ್ಟು ಜಾಲರಿಯನ್ನು ಹೊರದೇಶದಿಂದಲೇ ತರಿಸಬೇಕೆಂಬ ನಿಯಮವೇನೂ ಇಲ್ಲ.

ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕವನ್ನು ಮಾಡಿನೋಡಬಹುದು. ಫೆರಿಕ್ ಕ್ಲೋರೈಡಿನ ಕಬ್ಬಿಣದ ಅಯಾನು ಮೂರು ಧನ ವಿದ್ಯುದಂಶಗಳನ್ನು ಹೊತ್ತಿರುತ್ತದೆ. ಲೋಹದಿಂದ ಒಂದು ಎಲೆಕ್ಟ್ರಾನನ್ನು ಪಡೆದು ಅದು ಎರಡಕ್ಕೆ ಇಳಿಯುತ್ತದೆ. ಹಿತ್ತಾಳೆಯಲ್ಲಿರುವ ತಾಮ್ರವಾಗಲಿ ಸತುವಾಗಲಿ ಕರಗಬೇಕಾದರೆ ಪ್ರತಿಯೊಂದು ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಬೇಕು. ಆದುದರಿಂದ ಒಂದು ಪರಮಾಣುವಿಗೆ ಎರಡು ಕಬ್ಬಿಣದ ಅಯಾನುಗಳು ಬೇಕಾಗುತ್ತವೆ. ೧೦ ಸೆಂಟಿಮೀಟರು ಚೌಕದ, ೦.೧೫ ಮಿಲಿಮೀಟರು ದಪ್ಪದ ಹಾಳೆಯ ತೂಕ ಸುಮಾರು ೧೨.೮ ಗ್ರಾಮು. ಅದರಲ್ಲಿ ಅರ್ಧ ಕರಗಿದರೆ ೬.೪ ಗ್ರಾಮು, ಎಂದರೆ ಹೆಚ್ಚುಕಡಿಮೆ ಒಂದು ಮೋಲಿನ ಹತ್ತನೆಯ ಒಂದು ಪಾಲು. ಇದಕ್ಕೆ ಬೇಕಾಗುವ ನಿರ್ಜಲ ಫೆರಿಕ್ ಕ್ಲೋರೈಡು ಸುಮಾರು ೩೨ ಗ್ರಾಮು. ಕರಗಿದ ಲೋಹ ಎಲ್ಲಿಗೂ ಮಾಯವಾಗುವುದಿಲ್ಲ, ದ್ರಾವಣದಲ್ಲಿಯೇ ಇರುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಇದಕ್ಕೆ ಮತ್ತೆ ಬರುತ್ತೇವೆ.

ಇನ್ನು ಹಿತ್ತಾಳೆಯ ಮಿತಿಗಳನ್ನು ನೋಡೋಣ. ದ್ರಾವಣವು ಲೋಹವನ್ನು ಕೆಳಮುಖವಾಗಿ ಮಾತ್ರ ತಿನ್ನುವುದಿಲ್ಲ. ಲೇಪದ ಅಡಿಗೆ ನುಸುಳಿ ಪಕ್ಕಕ್ಕೂ ತಿನ್ನುತ್ತದೆ. ಆದುದರಿಂದ ಹಾಳೆ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ ಅಗಲಕ್ಕಿಂತ ಕಿರಿದಾದ ಎಳೆಯನ್ನಾಗಲಿ ರಂಧ್ರವನ್ನಾಗಲಿ ನಂಬಿಕೆಯಿಂದ ಪಡೆಯಲಾಗದು. ಎರಡನೆಯದಾಗಿ, ಹಾಳೆಯಿಂದ ಕೊರೆದ ವಸ್ತುವೆಲ್ಲ ಚಪ್ಪಟೆ. ಜಾಲರಿ, ಏಣಿ, ಕ್ರೇನಿನ ಹಂದರ ಇವು ಚಪ್ಪಟೆಯಾದರೂ ಸಹ್ಯ. ತೋಪಿನ ಕೊಳವೆ, ಕೂವೆಮರ, ಹಗ್ಗ ಇವು ಉರುಟಾದ ವಸ್ತುಗಳು. ಇವನ್ನು ಹಾಳೆಯಿಂದ ಮಾಡಿದರೆ ಪಟ್ಟಿಯಂತೆ ಕಾಣುತ್ತವೆಯೇ ಹೊರತು ಕೊಳವೆಯಂತಲ್ಲ. ಇಂಥ ಕಡೆ ಪ್ಲಾಸ್ಟಿಕ್ಕಿನ ತುಂಡೋ ತಂತಿಯೋ ಲೇತಿನಲ್ಲಿ ಕಡೆದ ಲೋಹದ ಕೊಳವೆಯೋ ಹಿತ್ತಾಳೆಯ ಹಾಳೆಗಿಂತ ನಿಜಕ್ಕೆ ಹತ್ತಿರ. ಹಾಳೆಯಲ್ಲಿ ಇದೆ, ಹಣ ಕೊಟ್ಟಿದ್ದೇವೆ ಎಂಬ ಕಾರಣದಿಂದ ಎಲ್ಲವನ್ನೂ ಅಂಟಿಸುವುದು ಜಾಣತನವಲ್ಲ.

ಕಣ್ಣಿನ ಮಿತಿಯೂ ಒಂದುಂಟು. ಆರೋಗ್ಯವಾದ ಮನುಷ್ಯನ ಕಣ್ಣು ಸುಮಾರು ಒಂದು ಕಲೆಯಷ್ಟು, ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಕೋನಾಂತರವಿರುವ ಎರಡು ಗೆರೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು. ೩೦ ಸೆಂಟಿಮೀಟರು ದೂರದಲ್ಲಿ ಈ ಅಂತರ ೦.೦೯ ಮಿಲಿಮೀಟರಿಗೆ ಸಮ. ಇದಕ್ಕಿಂತ ಒತ್ತೊತ್ತಾದ ವಿವರಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಆದರೆ ಒಂಟಿ ಗೆರೆಯ ವಿಷಯ ಬೇರೆ. ಬಹು ದೂರದ ವಿದ್ಯುತ್ ತಂತಿಯನ್ನು ಆಕಾಶದ ಹಿನ್ನೆಲೆಯಲ್ಲಿ ನಾವು ಕಾಣುತ್ತೇವೆ. ಅದು ಒಂದು ತಂತಿಯೋ ಜೋಡಿ ತಂತಿಯೋ ಹೇಳಲಾರೆವು. ಕಂಬಿಬೇಲಿಯ ತೆಳು ಗೆರೆ ಮಾದರಿಗೆ ಶೋಭೆ ಕೊಡುವುದು ಈ ಕಾರಣದಿಂದಲೇ. ಕಾಣಬಲ್ಲುದನ್ನು ಮಾಡುವುದು ವಿವೇಕ. ಭೂತಗನ್ನಡಿಯಿಲ್ಲದೆ ಕಾಣದುದನ್ನು ಸಾವಿರಗಟ್ಟಲೆ ಅಂಟಿಸುವುದು ತಪಸ್ಸಾಗಬಹುದು, ವಿಜ್ಞಾನವಲ್ಲ.

ಇಷ್ಟಾದರೂ ಹಿತ್ತಾಳೆ ಬೇಡವೆಂದು ನಾವು ಹೇಳುವುದಿಲ್ಲ. ಅದು ಕೂರಿಸುವ ವಸ್ತುಗಳು ಯಾವುವೆಂದು ಗಮನಿಸಿರಿ: ಕಂಬಿಬೇಲಿ, ಏಣಿ, ಬಾಗಿಲು, ಮೆಟ್ಟಿಲು. ಬೇಲಿಯ ಎತ್ತರ ಮನುಷ್ಯನ ಸೊಂಟದಿಂದ ಎದೆಯವರೆಗಿನ ಅಳತೆ. ಏಣಿಯ ಮೆಟ್ಟಿಲುಗಳ ಅಂತರ ಅವನ ಕಾಲಿನ ಅಳತೆ. ಬಾಗಿಲು ಅವನ ಮೈಯ ಅಳತೆ. ತೋಪು, ಕವಚ, ಹೊಗೆಕೊಳವೆಗಳು ಯಂತ್ರದ ಅಳತೆಯವು. ಇವುಗಳಿಂದ ಮಾತ್ರ ಹಡಗು ಎಷ್ಟು ದೊಡ್ಡದೆಂದು ಕಣ್ಣಿಗೆ ತಿಳಿಯದು. ಮನುಷ್ಯನ ಅಳತೆಯ ವಿವರ ಬಂದಾಗ ಮಾತ್ರ, ಈ ಉಕ್ಕಿನ ಬೆಟ್ಟದೊಳಗೆ ನೂರಾರು ಜನ ಉಂಡು, ಮಲಗಿ, ಕಾವಲು ನಿಂತು ಬದುಕಿದರೆಂಬುದು ನೋಡುವವರಿಗೆ ಅರಿವಾಗುತ್ತದೆ. ಈ ಕೆಲಸವನ್ನು ಹಿತ್ತಾಳೆಯ ಎಳೆ ಮಾಡುವಷ್ಟು ಚೆನ್ನಾಗಿ ಪ್ಲಾಸ್ಟಿಕ್ಕು ಮಾಡಲಾರದು.

ಹಾಗಾದರೆ ಎಷ್ಟು ವಿವರ ಬೇಕು? ಯಾವ ಪ್ರಶ್ನೆಗೆ ಉತ್ತರವಾಗಿ ಮಾದರಿಯನ್ನು ಕಟ್ಟುತ್ತೇವೆಯೋ ಆ ಪ್ರಶ್ನೆಯೇ ಇದನ್ನು ನಿರ್ಧರಿಸಬೇಕು. ೧೮೭೦ರ ದಶಕದ ಆರಂಭದಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರು ಇಂಗ್ಲೆಂಡಿನ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿಯನ್ನು ಕಟ್ಟಿಸಿ, ಮೇಣದ ಮಾದರಿ ಹಡಗುಗಳನ್ನು ಅದರಲ್ಲಿ ಎಳೆದು, ನೀರು ಹಡಗಿಗೆ ಒಡ್ಡುವ ಅಡ್ಡಿಯನ್ನು ಅಳೆದನು. ನೀರಿನ ಅಡ್ಡಿಯನ್ನು ಅಳೆಯುವ ಮಾದರಿಗೆ ಕಂಬಿಬೇಲಿಯಾಗಲಿ ಬಾಗಿಲಾಗಲಿ ಬೇಕಾಗಿರಲಿಲ್ಲ. ಆದರೂ ಬರಲಿರುವ ದೊಡ್ಡ ಹಡಗುಗಳ ವಿಷಯವಾಗಿ ಅವು ಸತ್ಯವನ್ನೇ ನುಡಿದುವು. ಏಕೆಂದರೆ ಆತನ ಪ್ರಶ್ನೆಗೆ ಬೇಕಾದ ಆಕಾರವನ್ನು ಅವು ಕರಾರುವಾಕ್ಕಾಗಿ ಪಡೆದಿದ್ದುವು. ನಮ್ಮ ತರುಣರ ಪ್ರಶ್ನೆ ಬೇರೆ: ಈ ಹಡಗು ಇಂಥ ವರ್ಷದಲ್ಲಿ ಹೇಗಿತ್ತು? ಈ ಪ್ರಶ್ನೆಗೆ ಉತ್ತರ ಕೊಡುವುದು ವಿವರದ ಸಂಖ್ಯೆಯಲ್ಲ, ವಿವರದ ನಿಜ.

ಕನ್ನಡಿಗರಿಗೆ ಹತ್ತಿರವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬ್ರಿಟಿಷ್ ನೌಕಾಪಡೆಗಾಗಿ ಟೈನ್ ನದಿಯ ದಡದಲ್ಲಿ ನಿರ್ಮಿತವಾಗಿ ೧೯೪೦ರಲ್ಲಿ ಸೇವೆಗೆ ಸೇರಿದ ‘ನೈಜೀರಿಯಾ’ ಎಂಬ ಕ್ರೂಸರ್ ಹಡಗನ್ನು ಭಾರತ ಕೊಂಡುಕೊಂಡಿತು. ೧೯೫೭ರ ಆಗಸ್ಟ್ ೨೯ರಂದು ಅದು ‘ಐ.ಎನ್.ಎಸ್. ಮೈಸೂರು’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಗೆ ಸೇರಿತು. ೧೯೭೧ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ೧೯೮೫ರಲ್ಲಿ ನಿವೃತ್ತವಾಯಿತು. ಅದರ ಉದ್ದ ಸುಮಾರು ೧೬೯ ಮೀಟರು; ೧:೩೫೦ರ ಮಾದರಿಯಲ್ಲಿ ೪೮ ಸೆಂಟಿಮೀಟರು, ಒಂದು ಮೊಳಕ್ಕಿಂತ ತುಸು ಹೆಚ್ಚು. ತುಂಬಿದ ಹಡಗಿನ ತೂಕ ಸುಮಾರು ೧೧,೦೦೦ ಟನ್ನು. ಉದ್ದ ೩೫೦ ಪಟ್ಟು ಇಳಿದರೆ ಘನಗಾತ್ರ ನಾಲ್ಕು ಕೋಟಿಗೂ ಮಿಕ್ಕ ಪಟ್ಟು ಇಳಿಯುವುದರಿಂದ, ಅದೇ ಲೆಕ್ಕದಲ್ಲಿ ಮಾದರಿ ಕಾಲು ಕಿಲೋಗ್ರಾಮಿನಷ್ಟೇ ತೂಗಬೇಕು.

ಈ ಹಡಗನ್ನು ಕಟ್ಟಬಯಸುವ ವಿದ್ಯಾರ್ಥಿಗೆ ಮಾರುಕಟ್ಟೆಯಲ್ಲಿ ಏನು ದೊರೆಯುತ್ತದೆ? ಹಿತ್ತಾಳೆಯ ಹಾಳೆಗಳು ಬಹುಮಟ್ಟಿಗೆ ಬ್ರಿಟಿಷ್, ಅಮೆರಿಕನ್, ಜರ್ಮನ್, ಜಪಾನೀ ಹಡಗುಗಳಿಗಾಗಿ, ಅದರಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದ ರೂಪಕ್ಕಾಗಿ ತಯಾರಾಗುತ್ತವೆ. ೧೯೪೦ರ ನೈಜೀರಿಯಾದಲ್ಲಿ ಮೂರು ಮೂರರಂತೆ ನಾಲ್ಕು ಗೋಪುರಗಳಲ್ಲಿ ೧೨ ದೊಡ್ಡ ತೋಪುಗಳಿದ್ದುವು. ವಿಮಾನವನ್ನು ಚಿಮ್ಮಿಸುವ ಯಂತ್ರವೂ ಇದ್ದಿತು. ೧೯೫೭ರ ಮೈಸೂರಿನಲ್ಲಿ ಇದ್ದುದು ಮೂರು ಗೋಪುರಗಳು, ೯ ತೋಪುಗಳು. ವಿಮಾನದ ಯಂತ್ರ ಇರಲಿಲ್ಲ. ಅದೇ ವರ್ಗದ ಬ್ರಿಟಿಷ್ ಹಡಗಿನ ಹಾಳೆಯನ್ನು ತಂದು, ಅದರಲ್ಲಿರುವ ವಿಮಾನಯಂತ್ರದ ಸೊಗಸಾದ ಹಂದರವನ್ನು ಕೂರಿಸಿ, ಹಿಂಬದಿಯಲ್ಲಿ ‘ಮೈಸೂರು’ ಎಂದು ಬರೆದರೆ ಏನಾಗುತ್ತದೆ? ನೋಡುವವರು ತಲೆದೂಗಬಹುದು. ಆದರೆ ಅಂಥ ಹಡಗು ಯಾವ ವರ್ಷದಲ್ಲಿಯೂ ಯಾವ ಕಡಲಿನಲ್ಲಿಯೂ ತೇಲಿರಲಿಲ್ಲ. ಹಿತ್ತಾಳೆ ಹೆಚ್ಚಿದಷ್ಟೂ ಆ ಸುಳ್ಳಿಗೆ ಕಳೆ ಹೆಚ್ಚುತ್ತದೆ. ಏನೂ ಅಂಟಿಸದ ಸಾದಾ ಮಾದರಿ ಇದಕ್ಕಿಂತ ಮೇಲು.

ಇಷ್ಟು ಕಟ್ಟುನಿಟ್ಟು ಏಕೆಂದು ಕೇಳಬಹುದು. ಆ ಹಡಗು ಈಗ ಇಲ್ಲ, ಅದಕ್ಕಾಗಿ. ನಮ್ಮ ಮೊದಲ ವಿಮಾನವಾಹಕ ನೌಕೆ ‘ವಿಕ್ರಾಂತ್’ ೧೯೬೧ರಿಂದ ೧೯೯೭ರವರೆಗೆ ಸೇವೆ ಸಲ್ಲಿಸಿ, ೨೦೧೨ರವರೆಗೆ ಮುಂಬಯಿಯಲ್ಲಿ ಸಂಗ್ರಹಾಲಯವಾಗಿದ್ದು, ೨೦೧೪ರಿಂದ ಗುಜರಿ ಉಕ್ಕಾಗಿ ಒಡೆಯಲ್ಪಟ್ಟಿತು. ದೊಡ್ಡ ಹಡಗನ್ನು ಉಳಿಸಿಕೊಳ್ಳುವುದು ಬಹಳ ದುಬಾರಿ. ಉಳಿಯುವುದು ಛಾಯಾಚಿತ್ರ, ನಕ್ಷೆ, ನೆನಪು, ಮತ್ತು ಮಾದರಿ. ೧೯೯೯ರಲ್ಲಿ ‘ಮೈಸೂರು’ ಎಂಬ ಹೆಸರಿನಿಂದಲೇ ಹೊಸ ವಿನಾಶಕ ನೌಕೆಯೊಂದು ಸೇವೆಗೆ ಸೇರಿರುವುದರಿಂದ, ಹಳೆಯ ಕ್ರೂಸರಿನ ರೂಪ ಇನ್ನಷ್ಟು ಮಸುಕಾಗುವ ಸಂಭವವುಂಟು. ಇಂಥ ಸಂದರ್ಭದಲ್ಲಿ ಮಾದರಿ ಆಟಿಕೆಯಲ್ಲ, ಸಾಕ್ಷಿ. ಸಾಕ್ಷಿಯು ತನಗೆ ತಿಳಿಯದುದನ್ನು ಹೇಳಬಾರದು.

ಮೈಸೂರು ನೌಕೆಯ ಲಾಂಛನ ಗಂಡಭೇರುಂಡ. ಅದನ್ನು ಮಾದರಿಯ ಮೇಲೆ ಇಡಬೇಕೆಂಬ ಆಸೆ ಕನ್ನಡಿಗನಿಗೆ ಸಹಜ. ಲಾಂಛನದ ಫಲಕ ೩೦೦ ಮಿಲಿಮೀಟರು, ಅಂದರೆ ಸುಮಾರು ಒಂದಡಿ ಅಗಲವೆಂ‌ದು ಇಟ್ಟುಕೊಂಡರೆ, ೧:೩೫೦ರಲ್ಲಿ ಅದು ೦.೮೬ ಮಿಲಿಮೀಟರು ಆಗುತ್ತದೆ. ೦.೧ ಮಿಲಿಮೀಟರಿಗಿಂತ ಕಿರಿದಾದ ಎಳೆ ಸಾಧ್ಯವಿಲ್ಲದ ಹಾಳೆಯಲ್ಲಿ, ಎಂಟು ಎಳೆಗಳ ಅಗಲದೊಳಗೆ, ಎರಡು ತಲೆ, ಎರಡು ಕೊಕ್ಕು, ರೆಕ್ಕೆಗಳನ್ನು ಕೊರೆಯಲಾದೀತೆ? ಆಗದು. ಇಲ್ಲಿ ಸರಿಯಾದ ಮಾರ್ಗವೆಂದರೆ ಸರಿಯಾದ ಸ್ಥಳದಲ್ಲಿ ಒಂದು ಬಣ್ಣದ ಚುಕ್ಕೆ. ದೊಡ್ಡದಾಗಿ ಕೊರೆದು ಇಟ್ಟರೆ ಲಾಂಛನ ಕಾಣುತ್ತದೆ, ಹಡಗು ಕಿರಿದಾಗುತ್ತದೆ.

ಅಳೆಯುವುದಕ್ಕೆ ನಿಜವಾದ ಹಡಗು ಸಿಗುವುದೆಲ್ಲಿ ಎಂದು ನಿರಾಶರಾಗಬೇಕಾಗಿಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಐ.ಎನ್.ಎಸ್. ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು ೨೦೦೬ರಲ್ಲಿ ಸಂಗ್ರಹಾಲಯವಾಗಿ ನಿಲ್ಲಿಸಲಾಯಿತು. ಸುಮಾರು ೩೮ ಮೀಟರು ಉದ್ದದ ಈ ಸೋವಿಯತ್ ನಿರ್ಮಿತ ದೋಣಿ ೧೯೭೬ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಇದು ಒಸಾ ವರ್ಗದ ಎರಡನೆಯ ಮಾದರಿ. ಇದರ ಕ್ಷಿಪಣಿಗಳ ಗೂಡುಗಳು ಕೊಳವೆಯಂತೆ ದುಂಡಗಿವೆ. ೧೯೭೧ರಲ್ಲಿ ಕರಾಚಿಯ ಮೇಲೆ ದಾಳಿಮಾಡಿದ ದೋಣಿಗಳು ಮೊದಲನೆಯ ಮಾದರಿಯವು. ಅವುಗಳ ಗೂಡುಗಳು ಪೆಟ್ಟಿಗೆಯಾಕಾರದವು. ಈ ಭೇದವನ್ನು ಅರಿಯದೆ ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಅಂಟಿಸುವುದು ಸುಲಭ. ಕಾಲೇಜಿನ ಪ್ರವಾಸಕ್ಕೆ ಕಾರವಾರವನ್ನು ಆರಿಸಿ, ಅಳತೆಪಟ್ಟಿ, ದಪ್ಪವನ್ನಳೆಯುವ ಕ್ಯಾಲಿಪರು, ಟಿಪ್ಪಣಿ ಪುಸ್ತಕಗಳೊಡನೆ ಹೋಗಿ, ಅಲ್ಲಿಯವರ ಅನುಮತಿ ಪಡೆದು, ಕಂಬಿ ಎಷ್ಟು ದಪ್ಪ, ಏಣಿಯ ಮೆಟ್ಟಿಲುಗಳ ಅಂತರವೆಷ್ಟು ಎಂದು ಬರೆದುಕೊಂಡು ಬಂದರೆ, ಅಂಥ ಒಂದು ಪುಟ ಹತ್ತು ಹಾಳೆ ಹಿತ್ತಾಳೆಗೆ ಸಮವೆಂದು ನಾವು ಎಣಿಸುತ್ತೇವೆ.

ಅಳೆದ ಮೇಲೆ ಸ್ವಂತ ಹಾಳೆಯನ್ನು ಕೊರೆಯಬಾರದೇಕೆ? ಬನಶಂಕರಿಯಲ್ಲಿಯೋ ಜಯನಗರದಲ್ಲಿಯೋ ಮೆಟ್ರೋ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ದೂರವಲ್ಲ, ಮುದ್ರಿತ ಮಂಡಲಗಳನ್ನು ಮಾಡುವವರಿಗೆ ಬೇಕಾದ ಸಾಮಗ್ರಿಗಳೆಲ್ಲ ಅಲ್ಲಿಯ ಅಂಗಡಿಗಳಲ್ಲಿ ದೊರೆಯುತ್ತವೆ. ಮೊದಲ ಹಾಳೆ ಅಂಗಡಿಯದರಷ್ಟು ನಯವಾಗಿರುವುದಿಲ್ಲ. ಆದರೆ ರೇಖಾಗಣಿತ, ದೃಗ್ವಿಜ್ಞಾನ, ರಸಾಯನಶಾಸ್ತ್ರ ಮೂರೂ ಒಂದೇ ಕೆಲಸದಲ್ಲಿ ಕೂಡುವ ಇಂಥ ಪಾಠ ಬೇರೆ ಕಡೆ ದೊರೆಯುವುದು ವಿರಳ. ಕೆಲಸ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಸಮ್ಮುಖದಲ್ಲಿ ನಡೆಯಬೇಕು, ಅಡುಗೆಮನೆಯಲ್ಲಿ ಕೂಡದು. ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಪಾತ್ರೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ಲೋಹದ ಪಾತ್ರೆಯನ್ನು ದ್ರಾವಣ ತಿಂದುಬಿಡುತ್ತದೆ.

ಈಗ ಕರಗಿದ ಲೋಹದ ಮಾತಿಗೆ ಬರೋಣ. ೬.೪ ಗ್ರಾಮು ಹಿತ್ತಾಳೆ ಕರಗಿದರೆ ಅದರಲ್ಲಿ ಸುಮಾರು ೪ ಗ್ರಾಮು ತಾಮ್ರ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ ೦.೦೫ ಮಿಲಿಗ್ರಾಮಿನೊಳಗೆ ಇರುವುದು ಅಪೇಕ್ಷಣೀಯವೆಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ನೀರು ದೊರೆಯದಿದ್ದಾಗ ೧.೫ ಮಿಲಿಗ್ರಾಮಿನವರೆಗೆ ಸಡಿಲಿಕೆಯುಂಟು. ಅಂಗೈಯಗಲದ ಒಂದು ಹಾಳೆಯಿಂದ ಬಂದ ತಾಮ್ರವನ್ನು ಮೊದಲನೆಯ ಮಟ್ಟಕ್ಕೆ ತೆಳುಗೊಳಿಸಲು ೮೦,೦೦೦ ಲೀಟರು ನೀರು ಬೇಕು. ಬೇಸಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ ೧೨,೦೦೦ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಏಳು ಟ್ಯಾಂಕರು! ಮೀನುಗಳಿಗೂ ನೀರಿನ ಪಾಚಿಗಳಿಗೂ ತಾಮ್ರವು ಮನುಷ್ಯರಿಗಿಂತ ಹೆಚ್ಚು ವಿಷಕಾರಿ. ಜೆ.ಪಿ. ನಗರದ ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳೂ ಬಿ.ಟಿ.ಎಂ. ಲೇಔಟಿನ ಬಳಿಯ ಮಡಿವಾಳ ಕೆರೆಯೂ ನಮ್ಮ ಮನೆಗಳ ಮಗ್ಗುಲಲ್ಲಿಯೇ ಇವೆ. ಬಚ್ಚಲಿಗೆ ಸುರಿದದ್ದು ಸಂಸ್ಕರಣಕೇಂದ್ರಕ್ಕೆ ಹೋದರೂ ಲೋಹವನ್ನು ಯಾವ ಸೂಕ್ಷ್ಮಜೀವಿಯೂ ನಾಶಮಾಡಲಾರದು; ಕೆಸರಿನಲ್ಲಿಯೋ ನೀರಿನಲ್ಲಿಯೋ ಅದು ಇದ್ದೇ ಇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ೨೦೧೮ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನಮ್ಮ ಮೇಜಿನ ಮೇಲಿನ ಹಡಗಿನ ಸೊಗಸಿಗೆ ಯಾರದೋ ಕೆರೆ ಬೆಲೆ ತೆರುವುದು ನ್ಯಾಯವಲ್ಲ.

ಪರಿಹಾರ ಕಠಿನವಾದುದಲ್ಲ. ಬಳಸಿದ ದ್ರಾವಣದಲ್ಲಿ ಉಕ್ಕಿನ ನಾರನ್ನೋ ಹಳೆಯ ಮೊಳೆಗಳನ್ನೋ ಹಾಕಿ ಒಂದೆರಡು ದಿನ ಬಿಟ್ಟರೆ, ಕಬ್ಬಿಣ ಕರಗಿ ತಾಮ್ರ ಕೆಂಪು ಪುಡಿಯಾಗಿ ತಳದಲ್ಲಿ ನಿಲ್ಲುತ್ತದೆ. ಅದನ್ನು ಸೋಸಿ ತೆಗೆದ ಮೇಲೆ ವಾಷಿಂಗ್ ಸೋಡದ ದ್ರಾವಣವನ್ನು ನಿಧಾನವಾಗಿ ಬೆರೆಸಿದರೆ, ನೊರೆಯುಕ್ಕಿ, ಉಳಿದ ಕಬ್ಬಿಣವೂ ಸತುವೂ ಕೆಸರಾಗಿ ಕುಳಿತುಕೊಳ್ಳುತ್ತವೆ. ಈ ಕೆಸರನ್ನು ಒಣಗಿಸಿ, ಡಬ್ಬದಲ್ಲಿ ಹೆಸರು ಬರೆದಿಟ್ಟು, ಕಾಲೇಜಿನ ಇತರ ರಾಸಾಯನಿಕ ತ್ಯಾಜ್ಯದೊಡನೆ ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಇಷ್ಟನ್ನು ಮಾಡಲು ತಾಳ್ಮೆಯಿಲ್ಲದವರು ಹಿತ್ತಾಳೆಯನ್ನು ಕೊರೆಯಲು ಹೋಗದಿರುವುದೇ ಲೇಸು.

ಯುದ್ಧನೌಕೆಯ ಮಾದರಿ ತರುಣರಲ್ಲಿ ಯುದ್ಧಪ್ರೀತಿಯನ್ನು ಬೆಳೆಸುತ್ತದೆಯೆಂಬ ಆಕ್ಷೇಪಣೆಯೂ ಉಂಟು. ಇದನ್ನು ಹಗುರವಾಗಿ ಕಾಣಲಾಗದು. ತೋಪುಗಳ ಸಂಖ್ಯೆಯನ್ನು ಎಣಿಸಿ ಹಿಗ್ಗುವುದಷ್ಟೇ ಹವ್ಯಾಸವಾದರೆ ಆಕ್ಷೇಪಣೆ ಸರಿಯೇ. ಆದರೆ ಏಣಿಯ ಮೆಟ್ಟಿಲನ್ನೂ ಜೀವರಕ್ಷಕ ದೋಣಿಯನ್ನೂ ಅಳೆದು ಕೂರಿಸಿದ ಕೈ, ಆ ಮೆಟ್ಟಿಲನ್ನು ಯಾರು ಹತ್ತಿದರು, ಆ ದೋಣಿ ಯಾವ ಹೊತ್ತಿಗಾಗಿ ಕಾದಿತ್ತು ಎಂದು ಯೋಚಿಸದೆ ಇರಲಾರದು. ನಿಷ್ಠೆಯಿಂದ ಕಟ್ಟಿದ ಮಾದರಿ ಯುದ್ಧವನ್ನು ಸಿಂಗರಿಸುವುದಿಲ್ಲ.

ಕೊನೆಯದಾಗಿ ಶಾಲೆ ಕಾಲೇಜುಗಳ ವಸ್ತುಪ್ರದರ್ಶನಗಳ ವ್ಯವಸ್ಥಾಪಕರಿಗೂ ತೀರ್ಪುಗಾರರಿಗೂ ಒಂದು ಸೂಚನೆ. ಮಾದರಿಯ ಪಕ್ಕದಲ್ಲಿ ಒಂದು ಪುಟದ ವಿವರಪತ್ರವನ್ನು ಕಡ್ಡಾಯಮಾಡಿರಿ. ಈ ಹಡಗು ಯಾವ ವರ್ಷದ ರೂಪ, ಯಾವ ಭಾಗವನ್ನು ಸ್ವತಃ ಅಳೆಯಲಾಯಿತು, ಯಾವುದನ್ನು ಛಾಯಾಚಿತ್ರದಿಂದ ತಿಳಿಯಲಾಯಿತು, ಯಾವುದು ಊಹೆ, ಆಧಾರವಿಲ್ಲದೆ ಯಾವುದನ್ನು ಬಿಡಲಾಯಿತು, ಕೊರೆದ ದ್ರಾವಣವನ್ನು ಏನು ಮಾಡಲಾಯಿತು. ಬಹುಮಾನವನ್ನು ಮೊದಲು ಈ ಪತ್ರಕ್ಕೆ, ಆಮೇಲೆ ಹಿತ್ತಾಳೆಗೆ ಕೊಡಿರಿ. ಹೀಗೆ ಮಾಡಿದರೆ, ಮೂವತ್ತು ವರ್ಷಗಳ ಮೇಲೆ ಯಾರಾದರೂ ‘ಮೈಸೂರು’ ನೌಕೆ ಹೇಗಿತ್ತೆಂದು ಕೇಳಿದಾಗ, ಜಯನಗರದ ಯಾವುದೋ ಮನೆಯ ಕಪಾಟಿನಲ್ಲಿರುವ ಮೊಳದುದ್ದದ ಹಡಗನ್ನು ತೋರಿಸಿ, ಜೊತೆಯ ಕಾಗದವನ್ನು ಮುಂದಿಟ್ಟು, ಇದರಲ್ಲಿ ಇಷ್ಟು ನಿಜ, ಇಷ್ಟು ಊಹೆ ಎಂದು ಧೈರ್ಯವಾಗಿ ಹೇಳಬಹುದು.